ಡಬ್ಬಿಯ ಮೇಲಿನ ಲೂಮೆನ್, ಬದುವಿನ ಮೇಲಿನ ಬೆಳಕು

ಬನದ ಹುಣ್ಣಿಮೆಯ ತೇರು ಎಳೆದು ನಾಲ್ಕಾರು ದಿನ ಕಳೆದರೂ ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿ ಜಾತ್ರೆಯ ಭರಾಟೆ ಇಳಿಯುವುದಿಲ್ಲ. ಹಗಲಿಗಿಂತ ರಾತ್ರಿಯೇ ಅಲ್ಲಿ ಗದ್ದಲ ಜಾಸ್ತಿ. ನಾಟಕ ಕಂಪನಿಗಳ ಮುಂದೆ ಮೈಕು ಒದರುತ್ತಿರುತ್ತದೆ. ಮಾರಾಟಕ್ಕೆ ನಿಲ್ಲಿಸಿದ ಬಾಗಿಲು-ಚೌಕಟ್ಟುಗಳ ಸಾಲು ದಾಟಿ, ಬಳೆ ಅಂಗಡಿ ದಾಟಿ, ಮಿರ್ಚಿ ಕರಿಯುವ ಹೊಗೆ ದಾಟಿ ಬಂದರೆ ತಳ್ಳುಗಾಡಿಯೊಂದರ ಮೇಲೆ ಟಾರ್ಚುಗಳ ಗುಡ್ಡೆ. ಚಂದ್ರ ದಿನದಿನಕ್ಕೂ ತಡವಾಗಿ ಏಳತೊಡಗಿದ್ದಾನೆ, ವ್ಯಾಪಾರ ಜೋರು. ಮಾರುವವನು ಅಂಗೈಯಷ್ಟುದ್ದದ ಕರಿ ಟಾರ್ಚೊಂದನ್ನು ಎತ್ತಿ ಹರಿದ್ರಾತೀರ್ಥದ ಹೊಂಡದಾಚೆಯ ತೆಂಗಿನ ಸುಳಿಗೆ ಬೆಳಕು ಬಿಡುತ್ತಾನೆ. ಗರಿಗಳನ್ನು ಎಣಿಸಬಹುದು, ಅಷ್ಟು ಬೆಳಕು. ‘ಏನ್ ಬೆಳಕೋ ಮಾರಾಯಾ!’ ಎಂದು ಸುತ್ತ ನಿಂತವರು ಮೆಚ್ಚುತ್ತಾರೆ. ಡಬ್ಬಿಯ ಮೇಲೆ ‘10,000 ಲೂಮೆನ್, 1 ಕಿಲೋಮೀಟರ್’ ಎಂದು ಅಚ್ಚಾಗಿದೆ. ಹೇಳಿದ ಬೆಲೆ ಇನ್ನೂರು, ಚೌಕಾಸಿ ಮಾಡಿದರೆ ನೂರೈವತ್ತು.

ಕೊಂಡವರಲ್ಲಿ ಯಾರೂ ರಾತ್ರಿ ತೆಂಗಿನ ಸುಳಿ ನೋಡುತ್ತ ನಡೆಯುವವರಲ್ಲ. ಅವರಿಗೆ ಬೇಕಾದ ಬೆಳಕು ಪಾದದಿಂದ ಹತ್ತು ಹೆಜ್ಜೆಯೊಳಗೆ. ಟಾರ್ಚ್ ಕೊಳ್ಳುವಾಗ ನಾವು ಎಡವುವುದು ಇಲ್ಲೇ. ಪರೀಕ್ಷೆ ಮಾಡುವುದು ಒಂದನ್ನು, ಬಳಸುವುದು ಇನ್ನೊಂದಕ್ಕೆ.

ತ್ರೀಫೇಸ್ ಬರುವ ಹೊತ್ತು

ಮಲಪ್ರಭೆಯ ದಂಡೆಯ ಈ ಊರು ಎಲೆಬಳ್ಳಿ, ಬಾಳೆ, ತೆಂಗಿನ ತೋಟಗಳದ್ದು. ತೋಟವೆಂದರೆ ನೀರು, ನೀರೆಂದರೆ ಮೋಟ್ರು, ಮೋಟ್ರೆಂದರೆ ತ್ರೀಫೇಸ್ ಕರೆಂಟು. ಕರ್ನಾಟಕದಲ್ಲಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಕೊಡುವ ಪದ್ಧತಿ. ಅದರಲ್ಲಿ ಒಂದಷ್ಟು ಪಾಳಿ ರಾತ್ರಿಗೆ ಬೀಳುತ್ತದೆ. ಹಗಲಲ್ಲೇ ಕೊಡಿ ಎಂದು ರೈತರು ಕೇಳುತ್ತ ಬಂದಿದ್ದಾರೆ; ಆ ಜಗಳ ಇಲ್ಲಿ ಬೇಡ. ಸದ್ಯಕ್ಕೆ ನಡುರಾತ್ರಿ ಎದ್ದು ಸ್ಟಾರ್ಟರ್ ಒತ್ತಿ, ಕಾಲುವೆಯ ಬಾಯಿ ತಿರುವಿ, ಮಡಿಯಿಂದ ಮಡಿಗೆ ನೀರು ಹಾಯಿಸುವವರಿದ್ದಾರೆ. ‘ಕರೆಂಟ್ ಬಂತ ನೋಡಪಾ. ಬ್ಯಾಟ್ರಿ ತಗೊಂಡ ಹೋಗು, ಹುಳಾ-ಹುಪ್ಪಡಿ ಅದಾವು’ ಎಂದು ಕಟ್ಟೆಯ ಮೇಲೆ ಮಲಗಿದ ಅಜ್ಜಿ ಹೇಳುವುದು ಸುಮ್ಮನೆ ಅಲ್ಲ.

ಹಾವಿನ ಲೆಕ್ಕ ನಿಜಕ್ಕೂ ದೊಡ್ಡದು. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಎಂದರೆ ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಟ್ಟು ಹಾವು ರಾತ್ರಿಯೇ ತಿರುಗುವಂಥದ್ದು. ಒಣ ಕಲ್ಲುನೆಲದ ಗರಗಸ ಮಂಡಲ ಗೇಣು-ಮೊಳದ ಪ್ರಾಣಿ, ಮೈಬಣ್ಣ ಮಣ್ಣಿನದೇ. ಕಡಿತ ಹೆಚ್ಚಾಗಿ ಕಾಲಿಗೇ. ಆದ್ದರಿಂದ ಗಟ್ಟಿ ಮೆಟ್ಟು ಮತ್ತು ಕೈಯಲ್ಲೊಂದು ಬೆಳಕು, ಇವೆರಡೇ ಮೊದಲ ಮದ್ದು. ಇಂಥ ಕೆಲಸಕ್ಕೆ ಬೇಕಾದ ಟಾರ್ಚನ್ನು ಜಾತ್ರೆಯ ಗಾಡಿಯ ಮುಂದೆ ಅರ್ಧ ನಿಮಿಷದಲ್ಲಿ ಆರಿಸುವುದು ಆಗದ ಮಾತು.

ಹಿತ್ತಾಳೆಯಿಂದ ಚಿಪ್ಪಿಗೆ

ಕೈಟಾರ್ಚಿಗೆ ಈಗ ನೂರಿಪ್ಪತ್ತೈದು ವರ್ಷ ದಾಟಿದೆ. ನ್ಯೂಯಾರ್ಕಿನಲ್ಲಿದ್ದ ಡೇವಿಡ್ ಮೈಸೆಲ್‌ಗೆ ಅದರ ಪೇಟೆಂಟ್ ಸಿಕ್ಕಿದ್ದು 1899ರಲ್ಲಿ. ನಮ್ಮ ಮನೆಗಳಲ್ಲಿ ಅದು ಎವರೆಡಿಯ ‘ಜೀವನ್ ಸಾಥಿ’ಯಂಥ ಹಿತ್ತಾಳೆಯ ಟಾರ್ಚಾಗಿ, ಗೂಟಕ್ಕೆ ತೂಗುಹಾಕಿದ ಹಿರಿಯರ ಆಸ್ತಿಯಾಗಿ ಬದುಕಿತು. ಎರಡು ದೊಡ್ಡ ಸೆಲ್ಲು, ಒಂದು ಚಿಕ್ಕ ಬಲ್ಬು. ಆ ಬಲ್ಬಿನ ತಂತಿ ಉಂಡ ಕರೆಂಟಿನ ಬಹುಪಾಲು ಬಿಸಿಯಾಗಿ ಹೋಗುತ್ತಿತ್ತು. ಉಳಿದ ಹಳದಿ ಬೆಳಕು ಹತ್ತಿಪ್ಪತ್ತು ಲೂಮೆನ್ ಇದ್ದರೆ ಹೆಚ್ಚು. ಅಷ್ಟರಲ್ಲೇ ಎರಡು ಮೂರು ತಲೆಮಾರು ತೋಟ ಕಾಯಿತು ಎನ್ನುವುದನ್ನು ಹತ್ತು ಸಾವಿರದ ಡಬ್ಬಿ ನೋಡುವಾಗ ನೆನಪಿಡಬೇಕು.

ಎಲ್‌ಇಡಿ ಬಂದದ್ದು ನಿಧಾನಕ್ಕೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದು 1962ರಲ್ಲಿ. ಬಿಳಿ ಬೆಳಕಿಗೆ ಬೇಕಾದ ಪ್ರಖರ ನೀಲಿ ಎಲ್‌ಇಡಿ ಕೈಗೆ ಸಿಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಜಪಾನಿನಲ್ಲಿ ಆ ಕೆಲಸ ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರಾ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. ಇಂದಿನ ಟಾರ್ಚಿನ ಗಾಜಿನ ಹಿಂದೆ ಕಾಣುವ ಹಳದಿ ಚುಕ್ಕೆ ಅದೇ: ಕೆಳಗೆ ನೀಲಿ ಬೆಳಕಿನ ಚಿಪ್ಪು, ಮೇಲೆ ಹಳದಿ ರಾಸಾಯನಿಕದ ಲೇಪ, ಎರಡೂ ಬೆರೆತು ಬಿಳಿ. ಹಳೆಯ ಬಲ್ಬು ಒಂದು ವ್ಯಾಟಿಗೆ ಹತ್ತು ಹದಿನೈದು ಲೂಮೆನ್ ಕೊಟ್ಟರೆ ಇದು ನೂರರ ಆಚೀಚೆ ಕೊಡುತ್ತದೆ.

ಲೂಮೆನ್ ಬೇರೆ, ದೂರ ಬೇರೆ

ಲೂಮೆನ್ ಎಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು. ಅದು ಎಷ್ಟು ದೂರ ಮುಟ್ಟುತ್ತದೆ ಎನ್ನುವುದಕ್ಕೆ ಕ್ಯಾಂಡೆಲಾ ಎಂಬ ಬೇರೆ ಅಳತೆ ಇದೆ. ಮೋಟ್ರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಆದರೆ ಬರುವ ನೀರೇನೂ ಹೆಚ್ಚಾಗಿರುವುದಿಲ್ಲ. ತೆಂಗಿನ ಸುಳಿ ಬೆಳಗಿದ ಟಾರ್ಚಿನಲ್ಲಿ ನಡೆದದ್ದು ಅಷ್ಟೇ: ಆಳವಾದ ಬಟ್ಟಲಿನಿಂದಲೋ ಉಬ್ಬು ಮಸೂರದಿಂದಲೋ ಇರುವ ಕಡಿಮೆ ಬೆಳಕೇ ಕಿರಿದಾದ ಕೋಲಾಗಿ ಹೋಗಿದೆ. ಅದನ್ನೇ ಬದುವಿನ ಮೇಲೆ ಹಿಡಿದರೆ ತಟ್ಟೆಯಗಲದ ಉರಿಬಿಳಿ ವೃತ್ತ. ಅದರ ಆಚೆ ಈಚೆ ಕತ್ತಲು. ಹುಳ ಇರುವುದು ಆ ಆಚೆ ಈಚೆಯಲ್ಲೇ.

ಡಬ್ಬಿಯ ಮೇಲಿನ ‘ದೂರ’ಕ್ಕೂ ಒಂದು ಅರ್ಥ ಇದೆ, ನಾವು ತಿಳಿದುಕೊಂಡ ಅರ್ಥ ಅದಲ್ಲ. ಟಾರ್ಚ್ ತಯಾರಕರು ಒಪ್ಪಿಕೊಂಡ ‘ಎಫ್‌ಎಲ್ 1’ ಎಂಬ ಅಮೆರಿಕದ ಮಾನದಂಡ 2009ರಲ್ಲಿ ಬಂತು. ಅದರ ಪ್ರಕಾರ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಟಾರ್ಚಿನ ದೂರ. ಮೋಡವಿಲ್ಲದ ಹುಣ್ಣಿಮೆಯಲ್ಲಿ ಬಯಲಿನ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ಇಷ್ಟೇ. ಬನದ ಹುಣ್ಣಿಮೆಯ ರಾತ್ರಿ ತೇರಿನ ಬಯಲಿನಲ್ಲಿ ನಿಂತವರಿಗೆ ಅದರ ಅಂದಾಜು ಇರುತ್ತದೆ: ಮನುಷ್ಯ ಬಂದದ್ದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. 100 ಮೀಟರಿನ ಟಾರ್ಚ್ ನೂರನೆಯ ಮೀಟರಿನಲ್ಲಿ ಕೊಡುವುದು ಆ ಬೆಳಕನ್ನು. ನೆಲದ ಮೇಲಿನದು ಕಡ್ಡಿಯೋ ಹಾವೋ ಎಂದು ತಿಳಿಯಬೇಕಾದರೆ ಬರೆದ ದೂರದ ಕಾಲುಭಾಗವನ್ನಷ್ಟೇ ನಂಬುವುದು ಕ್ಷೇಮ. ಇನ್ನೊಂದು ಮಾತು, ದೂರ ದುಪ್ಪಟ್ಟಾಗಲು ಬೆಳಕಿನ ತೀಕ್ಷ್ಣತೆ ನಾಲ್ಕು ಪಟ್ಟು ಬೇಕು. 100 ಮೀಟರಿಗೆ 2,500 ಕ್ಯಾಂಡೆಲಾ ಸಾಕು, 200ಕ್ಕೆ 10,000. ಒಂದು ಕಿಲೋಮೀಟರಿಗೆ ಎರಡೂವರೆ ಲಕ್ಷ. ಅಂಗೈಯ ಟಾರ್ಚಿನ ಪುಟ್ಟ ಬಟ್ಟಲಿನಿಂದ, ಅದೂ ಇನ್ನೂರು ರೂಪಾಯಿಗೆ, ಅದು ಬರುವುದಿಲ್ಲ.

ಅದೇ ಮಾನದಂಡದಲ್ಲಿ ‘ಉರಿಯುವ ಅವಧಿ’ಯ ಬಗ್ಗೆ ಒಂದು ಜಾಣತನ ಇದೆ. ಗುಂಡಿ ಒತ್ತಿದ ಮೂವತ್ತು ಸೆಕೆಂಡಿಗೆ ಇದ್ದ ಬೆಳಕು ಅದರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತೆಲ್ಲ ಅವಧಿಯ ಲೆಕ್ಕಕ್ಕೆ ಸೇರುತ್ತದೆ. ಮೂರು ನಿಮಿಷ ಸಾವಿರ ಲೂಮೆನ್ ಉರಿದು, ಮೈ ಬಿಸಿಯಾಯಿತೆಂದು ತಾನೇ ಇನ್ನೂರಕ್ಕೆ ಇಳಿದು, ಮುಂದಿನ ಮೂರು ತಾಸು ಅಷ್ಟರಲ್ಲೇ ದೂಡಿದ ಟಾರ್ಚ್ ಕೂಡ ‘1,000 ಲೂಮೆನ್, 3 ತಾಸು’ ಎಂದು ಹಾಕಿಕೊಳ್ಳಬಹುದು. ಸುಳ್ಳಲ್ಲ, ಆದರೆ ಓದಿದವನು ಕಟ್ಟಿಕೊಳ್ಳುವ ಚಿತ್ರವೇ ಬೇರೆ. ಹೆಸರಾಂತ ಕಂಪನಿಗಳೂ ಇದನ್ನು ಮಾಡುತ್ತವೆ.

ಕಾಗದ-ಪೆನ್ಸಿಲ್ಲಿನ ಪರೀಕ್ಷೆ

ಟಾರ್ಚ್ ಹೊತ್ತಿಸದೆಯೇ ಅರ್ಧ ಸತ್ಯ ತಿಳಿಯುವ ದಾರಿ ಇದೆ. ಈಗಿನ ಹೆಚ್ಚಿನ ಕೈಟಾರ್ಚುಗಳಲ್ಲಿ ಇರುವುದು 18650 ಎಂಬ ಲಿಥಿಯಂ ಸೆಲ್ಲು; 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದರ ಮೇಲೆ 2,000 ಎಂಎಎಚ್ ಎಂದು ಇದ್ದರೆ, 2 ಆಂಪಿಯರ್-ತಾಸನ್ನು 3.7 ವೋಲ್ಟಿಗೆ ಗುಣಿಸಿ: 7.4 ವ್ಯಾಟ್-ತಾಸು. ವ್ಯಾಟಿಗೆ ನೂರು ಲೂಮೆನ್ ಎಂದು ಹಿಡಿದರೆ ಆ ಸೆಲ್ಲಿನ ಹೊಟ್ಟೆಯಲ್ಲಿರುವುದು 740 ಲೂಮೆನ್-ತಾಸು. ನೂರು ಲೂಮೆನ್ನಿನಂತೆ ಏಳು ತಾಸು ಉರಿಸಬಹುದು, ಎಂದರೆ ರಾತ್ರಿಯ ಒಂದು ಪೂರ್ತಿ ಪಾಳಿ. ಏಳುನೂರರಂತೆ ಒಂದು ತಾಸು. ಎರಡೂ ಒಟ್ಟಿಗೆ ಆಗದು.

ಹತ್ತು ಸಾವಿರ ಲೂಮೆನ್ ಬೇಕಾದರೆ ನೂರು ವ್ಯಾಟ್ ಬೇಕು. ಆ ಸೆಲ್ಲು ಅಷ್ಟನ್ನು ಕೊಡಲಾರದು. ಕೊಟ್ಟಿತು ಎಂದೇ ಇಟ್ಟುಕೊಳ್ಳಿ, ನಾಲ್ಕೂವರೆ ನಿಮಿಷಕ್ಕೆ ಖಾಲಿ; ಅಷ್ಟರೊಳಗೆ ಟಾರ್ಚ್ ಹಿಡಿಯಲಾಗದಷ್ಟು ಕಾದಿರುತ್ತದೆ, ಏಕೆಂದರೆ ಎಲ್‌ಇಡಿ ಕೂಡ ಉಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿಯೇ ಬಿಡುತ್ತದೆ. ಇನ್ನು ಸೆಲ್ಲಿನ ಮೇಲೆಯೇ ‘9,900 ಎಂಎಎಚ್’ ಎಂದು ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಈ ಅಳತೆಯ ಒಳ್ಳೆಯ ಸೆಲ್ಲುಗಳೂ 3,500ರ ಆಸುಪಾಸಿನವು.

ಚಾವಣಿಗೆ ಮುಖ ಮಾಡಿ

ಕೊಂಡು ತಂದ ಮೇಲೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಹಿಡಿಸಿದ್ದು ಚಾವಣಿ ಪರೀಕ್ಷೆ. ಬಿಳಿ ಚಾವಣಿಯ ಚಿಕ್ಕ ಕೋಣೆ, ರಾತ್ರಿ ಹೊತ್ತು, ಬಾಗಿಲು ಕಿಟಕಿ ಮುಚ್ಚಿ. ಟಾರ್ಚನ್ನು ನೆಲದ ಮೇಲೆ ಚಾವಣಿಗೆ ಮುಖ ಮಾಡಿ ನಿಲ್ಲಿಸಿ. ಬೆಳಕು ಚಾವಣಿಗೆ ಬಡಿದು ಕೋಣೆಯೆಲ್ಲ ಹರಡುತ್ತದೆ. ಕೋಲು ಬೆಳಕೋ ಅಗಲ ಬೆಳಕೋ ಎಂಬ ಭೇದ ಬಹುಮಟ್ಟಿಗೆ ಅಳಿಸಿ ಒಟ್ಟು ಬೆಳಕಷ್ಟೇ ಉಳಿಯುತ್ತದೆ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು, ಕೋಲು ನೇರ ಬೀಳದ ಕಪಾಟಿನ ಮೇಲೆ ಇಟ್ಟು ಅಂಕೆ ಬರೆದುಕೊಳ್ಳಿ. ಆಮೇಲೆ ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಮೇಲ್ಮುಖವಾಗಿ ಹೊತ್ತಿಸಿ. ಅಂಥ ಬಲ್ಬಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ 900 ಲೂಮೆನ್ ಆಚೀಚೆ ಬರೆದಿರುತ್ತದೆ. ‘ಸಾವಿರ ಲೂಮೆನ್’ ಟಾರ್ಚ್ ಆ ಬಲ್ಬಿಗೆ ಸಮನಾಗಿ ಕೋಣೆ ಬೆಳಗಬೇಕು. ಹತ್ತರಲ್ಲಿ ಒಂದು ಪಾಲೂ ಬೆಳಗದಿದ್ದರೆ ಡಬ್ಬಿಯನ್ನು ಎಸೆಯಬಹುದು. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಸುಳ್ಳು ಹಿಡಿಯಲು ಸಾಕು.

ಅದೇ ಏರ್ಪಾಟನ್ನು ಕಳಚದೆ ಅರ್ಧ ತಾಸಿಗೊಮ್ಮೆ ಅಂಕೆ ಬರೆಯುತ್ತ ಹೋದರೆ ಉರಿಯುವ ಅವಧಿಯ ನಿಜರೂಪವೂ ಸಿಗುತ್ತದೆ. ಕೆಲವು ಟಾರ್ಚುಗಳು ಒಂದೇ ಮಟ್ಟದಲ್ಲಿ ಉರಿದು ಕೊನೆಗೆ ಪಟ್ಟನೆ ಆರುತ್ತವೆ. ಇನ್ನು ಕೆಲವು ಮೊದಲ ನಿಮಿಷದಿಂದಲೇ ಸೊರಗುತ್ತ ಬರುತ್ತವೆ. ಮೊದಲಿನದು ಕೇಳಲು ಚೆಂದ, ಆದರೆ ಊರಿನಿಂದ ದೂರದ ತೋಟದಲ್ಲಿ ಮುನ್ಸೂಚನೆ ಕೊಡದೆ ಆರುವ ಬೆಳಕು ಯಾರಿಗೂ ಬೇಡ. ಸೆಲ್ಲು ಇಳಿದಾಗ ಕೆಂಪು ದೀಪ ತೋರಿಸುವುದೋ, ತಾನೇ ಮಂದವಾಗಿ ಇನ್ನರ್ಧ ತಾಸು ಕಾಯುವುದೋ ಇದ್ದರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು.

ನೀರಿನ ಪರೀಕ್ಷೆ ಸುಲಭ, ಬಕೆಟ್ ಸಾಕು. ಡಬ್ಬಿಯ ಮೇಲಿನ ‘ಐಪಿಎಕ್ಸ್4’ ಎಂದರೆ ಸುತ್ತಲಿಂದ ಸಿಡಿಯುವ ನೀರು ತಡೆಯುತ್ತದೆ ಎಂದಷ್ಟೇ. ಕಾಲುವೆಗೆ ಬಿದ್ದರೆ ‘ಐಪಿಎಕ್ಸ್7’ ಬೇಕು: ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು. ಯಾವುದೇ ಇರಲಿ, ತಡೆಯುವುದು ಹಿಂಬದಿ ಮುಚ್ಚಳದ ತಿರುಪಿನಲ್ಲಿ ಕೂತ ರಬ್ಬರ್ ಉಂಗುರ. ಅದು ಒಣಗಿ ಬಿರುಕು ಬಿಟ್ಟರೆ ಅಂಕೆಗೆ ಬೆಲೆ ಇಲ್ಲ.

ಓರೆಯಾಗಿ ಹಿಡಿದ ಬೆಳಕು

ಬಾದಾಮಿಯ ಬಂಡೆಗಳ ಮೇಲಿನ ಬರಹ ಓದಲು ಬರುವವರು ನಡುಮಧ್ಯಾಹ್ನ ಬರುವುದಿಲ್ಲ. ಕಪ್ಪೆ ಅರಭಟ್ಟನ ಶಾಸನವೇ ಇರಲಿ, ಬೇರೆ ಯಾವ ಕಲ್ಬರಹವೇ ಇರಲಿ, ನೇರ ಬೆಳಕಿನಲ್ಲಿ ಅಕ್ಷರ ಕಲ್ಲಿನೊಳಗೆ ಮುಳುಗುತ್ತವೆ. ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದಾಗ ಪ್ರತಿ ಗೀರಿಗೂ ನೆರಳು ಮೂಡಿ ಎದ್ದು ನಿಲ್ಲುತ್ತವೆ. ನೆಲಕ್ಕೂ ಇದೇ ನ್ಯಾಯ. ಹಣೆಗೆ ಕಟ್ಟಿಕೊಳ್ಳುವ ಟಾರ್ಚಿನಲ್ಲಿ ಬೆಳಕೂ ಕಣ್ಣೂ ಒಂದೇ ಕಡೆ ಇರುವುದರಿಂದ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿ ನೆಲ ಚಪ್ಪಟೆಯಾಗಿ ಕಾಣುತ್ತದೆ. ಕೈಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದರೆ ತಗ್ಗು, ಹೆಂಟೆ, ಸುರುಳಿ ಸುತ್ತಿ ಕೂತ ಹುಳ, ಎಲ್ಲಕ್ಕೂ ಉದ್ದ ನೆರಳು. ಸಲಿಕೆ ಹಿಡಿಯಲು ಎರಡೂ ಕೈ ಬೇಕಾದಾಗ ಹಣೆಯ ಟಾರ್ಚ್ ಸರಿಯೇ. ನಡೆಯುವಾಗ ಕೈಯದೇ ಮೇಲು.

ಬೆಳಕಿನ ಬಣ್ಣಕ್ಕೂ ಇಲ್ಲಿ ಕೆಲಸ ಇದೆ. ಅಗ್ಗದ ಟಾರ್ಚುಗಳ ನೀಲಿಮಿಶ್ರಿತ ಬಿಳುಪು ಕಣ್ಣಿಗೆ ಹೊಡೆಯುತ್ತದೆ, ಆದರೆ ಕಂದು, ಕೆಂಪು, ಮಣ್ಣಿನ ಬಣ್ಣಗಳು ಅದರಲ್ಲಿ ಒಂದೇ ಬೂದಿಯಾಗುತ್ತವೆ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ‘ಸಿಆರ್‌ಐ’ ಎಂಬ ಅಂಕ ಇದೆ, ಪೂರ್ಣಾಂಕ 100. ಎಪ್ಪತ್ತರದು ಸಾಧಾರಣ, ತೊಂಬತ್ತರ ಮೇಲಿನದು ಚೆನ್ನ. ಅಂಕ ಬರೆದಿಲ್ಲದಿದ್ದರೆ ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೆ ಬೆಳಕು ಬಿಟ್ಟು ನೋಡಿ. ಕೆಂಪು ಕೆಂಪಾಗಿಯೇ ಕಂಡರೆ ತೆಗೆದುಕೊಳ್ಳಬಹುದು.

ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅತಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಹಾಗಾಗಿ ಟಾರ್ಚಿನ ಅತ್ಯುಪಯುಕ್ತ ಗುಣ ಅದರ ಅತಿ ಕಡಿಮೆ ಬೆಳಕು ಎಂದೇ ನನ್ನ ಅಭಿಪ್ರಾಯ. ಐದಾರು ಲೂಮೆನ್ ಇದ್ದರೆ ಮಲಗಿದವರನ್ನು ಎಬ್ಬಿಸದೆ ಬಚ್ಚಲಿಗೆ ಹೋಗಿ ಬರಬಹುದು. ಹೊಲದ ದಾರಿಗೆ ಐವತ್ತು. ಮೋಟ್ರಿನ ಬಳಿ ಏನೋ ಸದ್ದಾದಾಗ ಸುತ್ತ ನೋಡಲು ಮುನ್ನೂರು. ಮೂರು ಮಟ್ಟ ಸಾಕು. ಎಷ್ಟೋ ಟಾರ್ಚುಗಳಲ್ಲಿ ಇವುಗಳ ಜೊತೆ ಕಣ್ಣು ಕುಕ್ಕುವ ಮಿಣುಕು, ಅಪಾಯದ ಮಿಣುಕು ಎಂದು ಇನ್ನೆರಡು ಸೇರಿಸಿರುತ್ತಾರೆ. ಒಂದೇ ಗುಂಡಿಯಲ್ಲಿ ಐದೂ ಸುತ್ತಬೇಕು. ಕೆಸರುಗೈಯಲ್ಲಿ, ಬದುವಿನ ಮೇಲೆ, ಕಡಿಮೆ ಬೆಳಕಿಗೆ ಬರಲು ಮಿಣುಕು ದಾಟಿ ಬರುವ ಕಿರಿಕಿರಿ ಅನುಭವಿಸಿದವರಿಗೇ ಗೊತ್ತು. ಅಂಗಡಿಯಲ್ಲಿ ಕಣ್ಣು ಮುಚ್ಚಿ ಗುಂಡಿ ಒತ್ತಿ ನೋಡುವುದು ಒಳ್ಳೆಯದು.

ಹೊಟ್ಟೆಯೊಳಗಿನ ಸೆಲ್ಲು

ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ, ಎರಡು ಪಿನ್ನು ಹೊರಬರುವ ಪ್ಲಾಸ್ಟಿಕ್ ಟಾರ್ಚುಗಳು ಊರೂರಿನಲ್ಲಿವೆ. ಅವುಗಳಲ್ಲಿ ಬಹಳಷ್ಟರ ಒಳಗಿರುವುದು ಲೆಡ್-ಆ್ಯಸಿಡ್ ಬ್ಯಾಟರಿ. ಖಾಲಿಯಾದ ಮೇಲೆ ಚಾರ್ಜ್ ಮಾಡದೆ ಒಂದೆರಡು ತಿಂಗಳು ಬಿಟ್ಟರೆ ಅದು ಸತ್ತಿತು. ಅಗ್ಗದವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾರ್ಜಿಗೆ ಹಾಕಿರುವಾಗ ಒಳಗಿನ ತಂತಿ ಮನೆಯ ಕರೆಂಟಿಗೇ ಅಂಟಿರುತ್ತದೆ. ಪ್ಲಗ್ಗಿನಲ್ಲಿ ಇರುವಾಗ ಬಿಚ್ಚಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು.

ಲಿಥಿಯಂ ಸೆಲ್ಲು ಹಗುರ, ಶಕ್ತಿ ಹೆಚ್ಚು, ಸಿಟ್ಟೂ ಹೆಚ್ಚು. ಬಿಸಿಲಿಗೆ ನಿಲ್ಲಿಸಿದ ಟ್ರ್ಯಾಕ್ಟರಿನ ಮೇಲೋ ಬೈಕಿನ ಡಬ್ಬಿಯಲ್ಲೋ ಬೇಸಿಗೆಯಲ್ಲಿ ಬಿಡಬಾರದು. ಮೈಯ ಪ್ಲಾಸ್ಟಿಕ್ ಹರಿದ ಸೆಲ್ಲು ಬಳಸಬಾರದು. ಭಾರತದಲ್ಲಿ ಮಾರುವ ಇಂಥ ಸೆಲ್ಲುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ: ಗುರುತಿನ ಜೊತೆ ‘ಆರ್’ ಅಕ್ಷರ, ಮುಂದೆ ಎಂಟು ಅಂಕೆ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಸಂಖ್ಯೆಯೇ ಇಲ್ಲದ ಸೆಲ್ಲಿನ ಟಾರ್ಚನ್ನು ತಲೆದಿಂಬಿನ ಬಳಿ ಚಾರ್ಜಿಗೆ ಹಾಕಿ ಮಲಗುವುದನ್ನು ನಾನಂತೂ ಒಪ್ಪಲಾರೆ.

ಮೊಬೈಲ್ ಇದೆಯಲ್ಲ?

ಹತ್ತು ಹೆಜ್ಜೆಗೆ ಮೊಬೈಲಿನ ಬೆಳಕು ಸಾಲುತ್ತದೆ, ಅಗಲವಾಗಿಯೂ ಹರಡುತ್ತದೆ. ಅದರ ತೊಂದರೆ ಬೆಳಕಿನದಲ್ಲ. ಕೆಸರಿಗೆ ಬಿದ್ದರೆ ಹೋಗುವುದು ಹತ್ತಾರು ಸಾವಿರದ ವಸ್ತು. ಬೆಳಕು ಹಿಡಿದ ಕೈಯಲ್ಲೇ ಕರೆ ಬಂದರೆ ಕಿವಿಗೆ ಇಟ್ಟ ಕೂಡಲೇ ದಾರಿ ಕತ್ತಲು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ದಂಡೆಯ ಊರುಗಳು ಕಂಡದ್ದು ಇನ್ನೊಂದು ಪಾಠ. ಕರೆಂಟು ಹೋದ ರಾತ್ರಿಯಲ್ಲಿ ಫೋನಿನಲ್ಲಿ ಉಳಿದ ಚಾರ್ಜು ಮಾತಿಗೆ ಬೇಕು, ದೀಪಕ್ಕಲ್ಲ.

ಆದ್ದರಿಂದ ಇಂಥ ಊರಿಗೆ ಒಂದೇ ಟಾರ್ಚ್ ಆರಿಸು ಎಂದರೆ ನಾನು ಪೆನ್ಸಿಲ್ ಸೆಲ್ಲಿನ, ಅದೂ ಎಎ ಅಳತೆಯ ಒಂದೇ ಸೆಲ್ಲು ಹಿಡಿಯುವ ಅಲ್ಯೂಮಿನಿಯಂ ಟಾರ್ಚನ್ನು ಎತ್ತಿಕೊಳ್ಳುತ್ತೇನೆ. ಮತ್ತೆ ಮತ್ತೆ ಚಾರ್ಜ್ ಆಗುವ 2,000 ಎಂಎಎಚ್ ಸೆಲ್ಲಿನಲ್ಲಿ ಐವತ್ತು ಲೂಮೆನ್ನಿನಂತೆ ನಾಲ್ಕು ತಾಸು ಬರುತ್ತದೆ, ಜೇಬಿನಲ್ಲಿ ಇನ್ನೊಂದು ಸೆಲ್ಲು ಇದ್ದರೆ ಪಾಳಿ ಮುಗಿಯುತ್ತದೆ. ತೀರಾ ಬೇಕೆಂದರೆ ಊರಿನ ಕಿರಾಣಿ ಅಂಗಡಿಯಲ್ಲೇ ಸಾದಾ ಸೆಲ್ಲು ಸಿಗುತ್ತದೆ. 18650 ಅಲ್ಲಿ ಸಿಗುವುದು ಅಪರೂಪ. ಸಾದಾ ಸೆಲ್ಲಾದರೆ ಖಾಲಿಯಾದದ್ದನ್ನು ಒಳಗೆ ಬಿಡಬಾರದು. ತಿಂಗಳು ಬಿಟ್ಟು ಹಿಂಬದಿ ಮುಚ್ಚಳ ತಿರುವಿದರೆ ಸ್ಪ್ರಿಂಗಿನ ಸುತ್ತ ಹಸಿರು ಬಿಳಿ ಉಪ್ಪು ಕಟ್ಟಿರುತ್ತದೆ. ಒಣಬಟ್ಟೆಯಿಂದ ಒರೆಸಿ, ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿದರೆ ಎಷ್ಟೋ ‘ಕೆಟ್ಟ’ ಟಾರ್ಚುಗಳು ಮತ್ತೆ ಹೊತ್ತಿಕೊಳ್ಳುತ್ತವೆ.